ಭಾಗವಾಗದ ತೊಂಬತ್ತೊಂದು

ಜನವರಿ ತಿಂಗಳು, ಸಂಕ್ರಾಂತಿಗೆ ಮುಂಚಿನ ಬುಧವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಜೆ.ಪಿ. ನಗರದ ನಮ್ಮ ಶಾಲೆಯ ಮೈದಾನ. ಹಾಜರಿದ್ದವರು: ಎಂಟನೆಯ ತರಗತಿಯ ಎರಡೂ ವಿಭಾಗದ ಮಕ್ಕಳು, ಅವರ ವ್ಯಾಯಾಮ ಶಿಕ್ಷಕಿಯಾದ ನಾನು, ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತ ಹೆಡ್ ಮಾಸ್ಟರ್ ರುದ್ರಪ್ಪನವರು. ಗೈರುಹಾಜರಾದವರು: ಯಾರೂ ಇಲ್ಲ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ನಾನು ನಿವೃತ್ತಳಾಗುವ ಹಿಂದಿನ ವರ್ಷದ ಮಾತು ಇದು. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮನೆಗೆ ಬಂದು, “ಮೇಡಂ, ಕೆಲಸ ಹೇಗಿರತ್ತೆ?” ಎಂದು ಕೇಳುತ್ತಾರೆ. ನನಗೆ ಯಾವ ವರ್ಷ ಯಾವ ಬಡ್ತಿ ಬಂತು ಎಂದು ಬರೆಯಲು ಅಂಚೆಕಾರ್ಡಿನ ಹಿಂಬದಿ ಸಾಕು; ಅದನ್ನು ಬಿಡೋಣ. ಓಡಿಸುವುದು, ಹಾರಿಸುವುದು, ಸೀಟಿ ಊದುವುದು ನಮ್ಮ ಕೆಲಸ ಎಂದು ಊರೆಲ್ಲ ತಿಳಿದುಕೊಂಡಿದೆ. ಸೇರಿದ ವಾರದಲ್ಲೇ ನಿಮಗೆ ಗೊತ್ತಾಗುತ್ತದೆ, ನಮ್ಮ ಕೆಲಸ ಭಾಗಾಕಾರ. ಇಷ್ಟು ಮಕ್ಕಳು, ಇಷ್ಟು ಸಾಲು, ಸಾಲಿಗೆ ಎಷ್ಟು? ಉತ್ತರ ತಪ್ಪಾದರೆ ಗಣಿತದ ಮೇಷ್ಟ್ರಿಗೆ ಒಂದಿಷ್ಟು ಕೆಂಪು ಮಸಿ ಖರ್ಚಾಗುತ್ತದೆ. ನಮಗೆ ಮೈದಾನದ ನಡುವೆ ಒಂದು ಮಗು ಉಳಿದುಬಿಡುತ್ತದೆ.

ಹಾಗೆ ಉಳಿಯುವ ಮಗುವಿಗೆ ಸ್ಟಾಫ್ ರೂಮಿನಲ್ಲಿ ನಾವು ಇಟ್ಟ ಹೆಸರು ‘ಶೇಷ’. ಶೇಷಕ್ಕೊಂದು ಉದ್ಯೋಗ ಹುಡುಕುವುದು ಪಿ.ಟಿ. ಶಿಕ್ಷಕರ ಹಳೆಯ ವಿದ್ಯೆ. ಶಾಲೆಯ ಹೆಸರಿನ ಫಲಕ ಹಿಡಿಸುತ್ತೇವೆ. ಫಲಕ ಹಿಡಿಯಲು ಬೇರೆ ಯಾರಾದರೂ ಇದ್ದರೆ ಚಪ್ಪಲಿ ಕಾಯಿಸುತ್ತೇವೆ. ಏನೂ ತೋಚದಿದ್ದರೆ ಪ್ರಥಮ ಚಿಕಿತ್ಸೆಯ ಡಬ್ಬಿ ಕೈಗೆ ಕೊಟ್ಟು ಮರದ ಕೆಳಗೆ ನಿಲ್ಲಿಸುತ್ತೇವೆ. ತಾಯಿ ತಂದೆ ಬಂದು ಕೇಳಿದರೆ, “ನಿಮ್ಮ ಮಗೂಗೆ ಬಹಳ ಜವಾಬ್ದಾರಿ ಕೆಲಸ ಕೊಟ್ಟಿದೀವಿ” ಎನ್ನುತ್ತೇವೆ. ಅವರೂ ನಂಬಿದವರ ಹಾಗೆ ತಲೆಯಾಡಿಸಿ ಹೋಗುತ್ತಾರೆ.

ಆ ವರ್ಷ ಶೇಷದ ಕಾಟವೇ ಇರಲಿಲ್ಲ. ಎಂಟನೆಯ ತರಗತಿಯಲ್ಲಿ ಸರಿಯಾಗಿ ತೊಂಬತ್ತು ಮಕ್ಕಳು. ತೊಂಬತ್ತು ಬಹಳ ಸಂಭಾವಿತ ಸಂಖ್ಯೆ. ಒಂಬತ್ತು ಸಾಲು ಹತ್ತು ಹತ್ತು ಎಂದರೆ ನಿಲ್ಲುತ್ತದೆ, ಆರು ಸಾಲು ಹದಿನೈದು ಎಂದರೂ ನಿಲ್ಲುತ್ತದೆ, ಐದು ಹದಿನೆಂಟು ಎಂದರೂ ಬೇಸರಿಸುವುದಿಲ್ಲ. ಗಣರಾಜ್ಯೋತ್ಸವದ ದಿನ ನಮ್ಮ ವಲಯದ ಶಾಲೆಗಳೆಲ್ಲ ಸೇರಿ ಮಾಡುವ ಸಾಮೂಹಿಕ ಕವಾಯತ್ತಿಗೆ ಹತ್ತು ಹತ್ತರ ಒಂಬತ್ತು ಸಾಲು ಕಟ್ಟಿ ಡಿಸೆಂಬರಿನಿಂದ ತಾಲೀಮು ನಡೆಸಿದ್ದೆ. ಆ ಬುಧವಾರ ತಲೆ ಎಣಿಸಿದರೆ ತೊಂಬತ್ತೊಂದು.

ತೊಂಬತ್ತೊಂದನೆಯವಳ ಹೆಸರು ಮಹಾದೇವಿ. ಹಿಂದಿನ ದಿನ ಸೇರಿದ್ದಳು. ಊರು ಯಾದಗಿರಿ ಕಡೆ. ಅವರಪ್ಪ ಹುಬ್ಬಳ್ಳಿ, ದಾವಣಗೆರೆ, ತುಮಕೂರು ಎಂದು ಊರೂರಲ್ಲಿ ರೊಟ್ಟಿ ಊಟದ ಖಾನಾವಳಿ ಇಟ್ಟು, ಕೊನೆಗೆ ಸಾರಕ್ಕಿ ಮಾರ್ಕೆಟ್ಟಿನ ಹತ್ತಿರ ಬಂದು ನೆಲೆ ನಿಂತಿದ್ದರು. ಹುಡುಗಿ ಪ್ರತಿ ಊರಿನಲ್ಲೂ ಶಾಲೆ ಸೇರಿದ್ದು ವರ್ಷದ ನಡುವೆ, ಸಾಲುಗಳೆಲ್ಲ ಕಟ್ಟಿ ಮುಗಿದ ಮೇಲೆ.

“ಮಿಸ್, ನಾ ಎಲ್ಲಿ ನಿಂದರ್ಲಿರಿ?” ಎಂದು ಕೇಳಿದಳು.

“ಸದ್ಯಕ್ಕೆ ಆ ಮರದ ಕೆಳಗೆ ನಿಂತ್ಕೊಳಮ್ಮ. ಈ ಡಬ್ಬಿ ನೋಡ್ಕೋ.”

“ಇದ್ರಾಗ ಏನೈತ್ರಿ?”

“ಹತ್ತಿ, ಬ್ಯಾಂಡೇಜು, ಔಷಧಿ. ಯಾರಾದ್ರೂ ಬಿದ್ರೆ ಬೇಕಾಗತ್ತೆ.”

“ಯಾರೂ ಬೀಳ್ಲಿಲ್ಲಂದ್ರ?”

“ಬೀಳ್ದೇ ಇದ್ರೆ ಒಳ್ಳೇದೇ ಅಲ್ವೇನೆ?”

“ಅಂದ್ರ ನನಗ ಕೆಲ್ಸಾನ ಇಲ್ಲಂದಂಗಾತಲ್ರಿ.” ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. “ದಾವಣಗೆರಿ ಸಾಲ್ಯಾಗೂ ಇಂಥಾ ಡಬ್ಬೀನ ಕೊಟ್ಟಿದ್ರು. ತುಮಕೂರಾಗ ನೀರಿನ ಕ್ಯಾನ್ ಕೊಟ್ರು. ಇಲ್ಲೂ ಡಬ್ಬಿ ಅಂದ್ರ ನಾ ಬರೂದಿಲ್ರಿ ಮಿಸ್. ಅಪ್ಪಗೂ ರೊಟ್ಟಿ ಬಡ್ಯಾಕ ಒಂದು ಕೈ ಬೇಕಾಗೈತಿ. ಅಲ್ಲೇ ಕುಂದರ್ತೀನಿ.”

ಸಾಲಿನಲ್ಲಿದ್ದ ಹುಡುಗರು ನಕ್ಕರು. ಅವಳೂ ನಕ್ಕಳು. ನನಗೆ ನಗು ಬರಲಿಲ್ಲ. ಜನವರಿಯಲ್ಲಿ ಹಂಚಿನ ಮುಂದೆ ಕೂತ ಹುಡುಗಿ ಜೂನ್‌ನಲ್ಲಿ ಒಂಬತ್ತನೆಯ ತರಗತಿಗೆ ಬಂದು ಕೂರುತ್ತಾಳೆ ಎಂದು ಯಾರೂ ಬರೆದುಕೊಡುವುದಿಲ್ಲ. ಹಾಗೆ ಬಾರದೇ ಹೋದವರನ್ನು ನಾನು ನೋಡಿದ್ದೆ.

ರುದ್ರಪ್ಪನವರಿಗೆ ಹೋಗಿ ಹೇಳಿದೆ. ಅವರು ಒಳ್ಳೆಯ ಮನುಷ್ಯರು. ಆದರೆ ಯಾವುದೂ ಮೂಲೆ ತಪ್ಪಬಾರದು. ಮೇಜಿನ ಮೇಲಿನ ಪೆನ್ನು ಸಹ ಮೇಜಿನ ಅಂಚಿಗೆ ಸಮಾನಾಂತರವಾಗಿ ಮಲಗಬೇಕು.

“ತೊಂಬತ್ತು ಚೆನ್ನಾಗಿ ಕೂತಿದೆ ಮೇಡಂ. ಒಂದಕ್ಕೋಸ್ಕರ ಯಾಕೆ ಅಲ್ಲಾಡಿಸ್ತೀರಿ?”

“ತೊಂಬತ್ತೊಂದನ್ನೂ ಕೂರಿಸೋಕೆ ಆಗತ್ತೇನೋ ನೋಡೋಣ ಸಾರ್.”

“ಗಣಿತದವರನ್ನ ಕೇಳಿ. ಅವರು ಆಗತ್ತೆ ಅಂದ್ರೆ ನನ್ನ ಅಭ್ಯಂತರ ಇಲ್ಲ. ಆಗಲ್ಲ ಅಂದ್ರೆ ಡಬ್ಬಿ. ಆಯ್ತಾ?”

ಆಯಿತು. ಹುಡುಗಿಯ ಗತಿ ಗಣಿತದ ಶ್ರೀಕಂಠಯ್ಯನವರ ಕೈಗೆ ಹೋಯಿತು.

ಶ್ರೀಕಂಠಯ್ಯನವರು ಜಯನಗರದವರು. ತೀರಾ ಚುರುಕು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟುಬಿಡುವುದು ಅವರ ಹೆಮ್ಮೆ. ಮಧ್ಯಾಹ್ನ ನಾನು ಹೋದಾಗ ಅವರ ಬಾಯಿ ತುಂಬ ಅವರೆಕಾಳಿನ ಉಪ್ಪಿಟ್ಟಿತ್ತು.

“ತೊಂಬತ್ತೊಂದಾ? ಎರಡರಿಂದ ಹೋಗಲ್ಲ, ಬೆಸ. ಮೂರರಿಂದ ಹೋಗಲ್ಲ, ಒಂಬತ್ತೂ ಒಂದೂ ಹತ್ತು. ಕೊನೇಲಿ ಸೊನ್ನೆಯಿಲ್ಲ, ಐದಿಲ್ಲ, ಐದರಿಂದಲೂ ಹೋಗಲ್ಲ. ಅವಿಭಾಜ್ಯ ಕಣ್ರೀ. ಮುಗೀತು.”

“ಸರಿಯಾಗಿ ನೋಡಿ ಹೇಳಿ ಸಾರ್.”

“ನೋಡೋದೇನಿದೆ? ಮುಖ ನೋಡಿದ್ರೇ ಗೊತ್ತಾಗತ್ತೆ, ಅದು ಒಂಟಿ ಪ್ರಾಣಿ. ಉಪ್ಪಿಟ್ಟು ತಗೊಳ್ಳಿ.”

ಗಣಿತದವರೇ ಹೇಳಿದ ಮೇಲೆ ನಾನೂ ನಂಬಿದೆ. ಉಪ್ಪಿಟ್ಟು ತಿಂದು ಬಂದೆ. ಹೊಸಬರಿಗೆ ಇಲ್ಲೊಂದು ಮಾತು: ಯಾವ ವಿಷಯದ ಮೇಷ್ಟ್ರನ್ನೇ ಆಗಲಿ, ಪ್ರಶ್ನೆ ಕೇಳುವುದಿದ್ದರೆ ಅವರ ಬಾಯಿ ಖಾಲಿಯಿರುವಾಗ ಕೇಳಿ.

ಮಧ್ಯಾಹ್ನದ ತಾಲೀಮಿಗೆ ಮೊದಲು ಡ್ರಮ್ಮಿನ ಕಥೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಕಾಲದಲ್ಲಿ ಎಲ್ಲವೂ ಸೀಟಿಯ ಮೇಲೆ ನಡೆಯುತ್ತಿತ್ತು. ಒಂದು ಸೀಟಿಗೆ ಕೈ ಮೇಲೆ, ಎರಡಕ್ಕೆ ಕೆಳಗೆ, ಉದ್ದನೆಯದಕ್ಕೆ ನಿಲ್ಲು. ನಮ್ಮ ಮೈದಾನದ ಕಾಂಪೌಂಡಿನ ಆಚೆ ರಸ್ತೆ, ರಸ್ತೆಯ ತುದಿಗೆ ಸಾರಕ್ಕಿ ಜಂಕ್ಷನ್. ಅಲ್ಲಿನ ಟ್ರಾಫಿಕ್ ಪೊಲೀಸರ ಸೀಟಿಗೂ ನನ್ನ ಸೀಟಿಗೂ ಸ್ವರ ಒಂದೇ. ಒಮ್ಮೆ ಮಕ್ಕಳೆಲ್ಲ ಎಡಗಾಲೆತ್ತಿದ್ದ ಹೊತ್ತಿಗೆ ಅವರು ಯಾವುದೋ ಬಸ್ಸಿಗೆ ಉದ್ದನೆಯ ಸೀಟಿ ಊದಿದರು. ಬಸ್ಸು ನಿಲ್ಲಲಿಲ್ಲ. ನಮ್ಮ ಮಕ್ಕಳು ನಿಂತರು, ಎಲ್ಲರೂ ಒಂಟಿ ಕಾಲಲ್ಲಿ. ಆ ಮೇಲೆ ನಾನು ಸೀಟಿ ಬಿಟ್ಟು ಬ್ಯಾಂಡಿನ ಡ್ರಮ್ಮಿಗೆ ಬದಲಾದೆ. ಈಗಿನವರು ಮೊಬೈಲಿನಲ್ಲಿ ಹಾಡು ಹಾಕಿ ಸ್ಪೀಕರಿಗೆ ಜೋಡಿಸುತ್ತಾರೆ. ನಡುವೆ ಯಾರದೋ ಕರೆ ಬಂದು ಮಕ್ಕಳೆಲ್ಲ ರಿಂಗ್‌ಟೋನಿಗೆ ಕೈಯೆತ್ತಿದ್ದನ್ನೂ ಕಂಡಿದ್ದೇನೆ. ಡ್ರಮ್ಮಿಗೆ ಕರೆ ಬರುವುದಿಲ್ಲ. ಏಟಿಗೂ ಏಟಿಗೂ ನಡುವೆ ನಿಶ್ಶಬ್ದವಿರುತ್ತದೆ. ಆ ನಿಶ್ಶಬ್ದದಲ್ಲೇ ಆ ದಿನ ನನಗೆ ಮಗ್ಗಿ ಕೇಳಿಸಿತು.

ನಮ್ಮಲ್ಲಿ ಐದನೆಯ ತರಗತಿಯ ಮಕ್ಕಳು ಕೊನೆಯ ಪಿರಿಯಡ್ಡಿನಲ್ಲಿ ಒಟ್ಟಾಗಿ ಮಗ್ಗಿ ಹೇಳುವ ಪದ್ಧತಿ ಇತ್ತು. ಇಪ್ಪತ್ತರವರೆಗೂ ಹೇಳಿಸುವ ಹಟ ಅವರ ಟೀಚರ್ ಜಯಮ್ಮನವರದು. ಮೊದಲ ಹತ್ತು ಮಗ್ಗಿ ಕಿಟಕಿ ನಡುಗುವ ಹಾಗೆ ಬರುತ್ತವೆ. ಹದಿಮೂರರದು ವಿಚಿತ್ರ. ಐದಕ್ಕೆ ಅರವತ್ತೈದರವರೆಗೆ ಜೋರು, ಆರಕ್ಕೆ ಸ್ವಲ್ಪ ತಗ್ಗು, ಏಳು, ಎಂಟು, ಒಂಬತ್ತಕ್ಕೆ ಬರೀ ತುಟಿಯಾಟ. ಹತ್ತಕ್ಕೆ ‘ನೂರಾಮೂವತ್ತು’ ಎಂದು ಮತ್ತೆ ಕೂಗು. ನಾನು ಕಲಿತದ್ದೂ ಹಾಗೆಯೇ, ಶ್ರೀಕಂಠಯ್ಯನವರು ಕಲಿತದ್ದೂ ಹಾಗೆಯೇ ಇರಬೇಕು. ಮೂರು ತಲೆಮಾರು ಕೂಡಿ ಗೊಣಗಿ ದಾಟಿದ ಜಾಗ ಅದು. ಆ ದಿನ ಜಯಮ್ಮನವರಿಗೆ ರೇಗಿತು.

“ಏಳಕ್ಕೆ ಬಂದ್ರೆ ಯಾಕ್ರೋ ಗಂಟಲು ಕಟ್ಟತ್ತೆ? ಇನ್ನೊಂದ್ಸಲ! ಜೋರಾಗಿ!”

“ಹದಿಮೂರಾರ್ಲ ಎಪ್ಪತ್ತೆಂಟು! ಹದಿಮೂರೇಳ್ಲ ತೊಂಬತ್ತೊಂದು!”

ನನ್ನ ಡ್ರಮ್ಮಿನ ಕೋಲು ಮೇಲೆಯೇ ನಿಂತಿತು. ತೊಂಬತ್ತು ಮಕ್ಕಳ ಕೈಯೂ ಮೇಲೆಯೇ ನಿಂತಿತು.

“ಕೈ ಇಳಿಸಿ,” ಎಂದೆ. “ಮಹಾದೇವಿ, ಡಬ್ಬಿ ಅಲ್ಲೇ ಇಟ್ಟು ಬಾ. ಎಲ್ಲರೂ ಕೇಳಿ, ಸಾಲಿಗೆ ಹದಿಮೂರು ಜನ!”

ಗಲಾಟೆ, ತಳ್ಳಾಟ, ಒಂದಿಷ್ಟು ಕಾಲ್ತುಳಿತ. ಎಲ್ಲ ಮುಗಿದಾಗ ಏಳು ಸಾಲು ನಿಂತಿದ್ದವು. ಮರದ ಕೆಳಗೆ ಯಾರೂ ಇರಲಿಲ್ಲ. ಕ್ಲಾಸ್ ಲೀಡರ್ ಲಿಖಿತಾಳ ಕೈಗೆ ಡ್ರಮ್ ಕೊಟ್ಟು, ನೇರ ಹೆಡ್ ಮಾಸ್ಟರ ಕೋಣೆಗೆ ಹೋದೆ. ಹೋಗುತ್ತಾ ಶ್ರೀಕಂಠಯ್ಯನವರನ್ನೂ ತರಗತಿಯಿಂದ ಕರೆದುಕೊಂಡೆ.

“ಹದಿಮೂರೇಳ್ಲ ಎಷ್ಟು ಸಾರ್?”

“ತೊಂಬತ್ತ…” ಎಂದವರು ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿದರು. “ನೀವು ಮಧ್ಯಾಹ್ನ ಕೇಳಿದ್ದು ತೊಂಬತ್ತೇಳು ಅಲ್ವಾ?”

“ತೊಂಬತ್ತೊಂದು ಸಾರ್.”

“ತೊಂಬತ್ತೇಳು ಅನ್ನೋ ಹಾಗೆ ಕೇಳಿಸ್ತು. ತೊಂಬತ್ತೇಳು ಅವಿಭಾಜ್ಯ. ಅದರಲ್ಲಿ ಅನುಮಾನ ಇಲ್ಲ.”

ಅಷ್ಟಕ್ಕೆ ಬಿಟ್ಟೆ. ಗೆದ್ದ ಮೇಲೆ ಎದುರಾಳಿಯ ಬೆನ್ನಟ್ಟಬಾರದು ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನೇ. ಆದರೆ ಗೆದ್ದಿರಲಿಲ್ಲ. ನಮ್ಮ ಮಾತು ಕೇಳಿ ಹೆಡ್ ಮಾಸ್ಟರ್ ಕೋಣೆಯ ಬಾಗಿಲಿಗೆ ಬಂದು, ಮೈದಾನದ ಏಳು ಸಾಲು ನೋಡಿ ಅಡ್ಡಡ್ಡ ತಲೆಯಾಡಿಸಿದರು.

“ಹದಿಮೂರು ಅಗಲ ಆಗಲ್ಲ ಮೇಡಂ. ಗಣರಾಜ್ಯೋತ್ಸವದ ಮೈದಾನದಲ್ಲಿ ನಮಗೆ ಗುರುತು ಹಾಕಿಕೊಡೋ ಜಾಗ ಹನ್ನೆರಡು ಮಕ್ಕಳಿಗಿಂತ ಜಾಸ್ತಿ ಅಗಲ ಹಿಡಿಯಲ್ಲ. ಹದಿಮೂರನೆಯವನು ಪಕ್ಕದ ಶಾಲೆಯವರ ಜೊತೆ ಕೈಯೆತ್ತಬೇಕಾಗತ್ತೆ.”

“ತಿರುಗಿಸಿ ನಿಲ್ಲಿಸಿ ಸಾರ್,” ಎಂದರು ಶ್ರೀಕಂಠಯ್ಯ. “ಅಗಲ ಏಳು, ಉದ್ದ ಹದಿಮೂರು.”

“ಹಿಂದಿನವರು ಪುಟ್ಟೇನಹಳ್ಳಿಯಲ್ಲಿ ನಿಂತ ಹಾಗಿರತ್ತೆ. ವೇದಿಕೆಯಿಂದ ಕಾಣ್ಬೇಡ್ವೇನ್ರೀ?”

ಶ್ರೀಕಂಠಯ್ಯನವರಿಗೆ ಈಗ ಹಟ ಹಿಡಿದಿತ್ತು. ಜೇಬಿನಿಂದ ಸೀಮೆಸುಣ್ಣ ತೆಗೆದು ಗೋಡೆಯ ಮೇಲೆಯೇ ಬರೆಯತೊಡಗಿದರು. “ಇದು ಸಾಮಾನ್ಯ ಸಂಖ್ಯೆ ಅಲ್ಲ ಸಾರ್. ನೂರರೊಳಗೆ ಎರಡು, ಮೂರು, ಐದು, ಇವುಗಳಲ್ಲಿ ಯಾವುದರ ಕೈಗೂ ಸಿಗದೆ, ಆದ್ರೂ ಭಾಗವಾಗೋವು ಮೂರೇ ಮೂರು. ನಲವತ್ತೊಂಬತ್ತು, ಅದು ಏಳೇಳ್ಲ ಅಂತ ಎಲ್ಲರಿಗೂ ಗೊತ್ತು. ಎಪ್ಪತ್ತೇಳು, ಮುಖದ ಮೇಲೇ ಬರೆದಿದೆ. ಮಫ್ತಿಯಲ್ಲಿ ಓಡಾಡೋದು ಇದೊಂದೇ, ತೊಂಬತ್ತೊಂದು! ನನ್ನಂಥವನೂ… ಅಂದ್ರೆ, ಯಾರು ಬೇಕಾದ್ರೂ ಮೋಸ ಹೋಗ್ತಾರೆ.”

“ಮಫ್ತಿಯವರನ್ನ ಇಟ್ಕೊಂಡು ನಾನೇನು ಮಾಡ್ಲಿ? ಜಾಗಕ್ಕೆ ಹಿಡಿಯತ್ತಾ ಹೇಳಿ.”

“ತ್ರಿಕೋನ! ಮುಂದೆ ಒಬ್ಬ, ಹಿಂದೆ ಇಬ್ಬರು, ಮೂವರು, ಹೀಗೆ ಹದಿಮೂರರವರೆಗೆ ಕೂಡಿಸಿದ್ರೆ ಸರಿಯಾಗಿ ತೊಂಬತ್ತೊಂದು!”

“ಮತ್ತೆ ಹದಿಮೂರಕ್ಕೇ ಬಂದ್ರಲ್ಲ.”

“ಹಾಗಾದ್ರೆ ಚೌಕ. ಒಂದು, ನಾಲ್ಕು, ಒಂಬತ್ತು, ಹದಿನಾರು, ಇಪ್ಪತ್ತೈದು, ಮೂವತ್ತಾರು. ಆರು ವರ್ಗಗಳ ಮೊತ್ತ ಸಾರ್, ಇದೂ ತೊಂಬತ್ತೊಂದೇ! ಕೆಳಗೆ ಮೂವತ್ತಾರು ಮಕ್ಕಳನ್ನ ಬಗ್ಗಿಸಿ ನಿಲ್ಲಿಸೋದು, ಅವರ ಮೇಲೆ ಇಪ್ಪತ್ತೈದು, ಅದರ ಮೇಲೆ ಹದಿನಾರು…”

“ರೀ, ನಿಲ್ಲಿಸ್ರೀ!” ರುದ್ರಪ್ಪನವರು ಎರಡು ಹೆಜ್ಜೆ ಹಿಂದೆ ಸರಿದರು. “ಗೋಪುರದ ತುದೀಲಿ ಇರೋ ಮಗು ಬಿದ್ರೆ ಅವರಪ್ಪನಿಗೆ ಏನು ಹೇಳ್ಲಿ, ವರ್ಗಗಳ ಮೊತ್ತ ಅಂತಲಾ? ಮೇಡಂ, ಪಾಪ, ನಿಮ್ಮ ಪ್ರಯತ್ನ ನೀವು ಮಾಡಿದ್ರಿ. ಆ ಹುಡುಗಿಗೆ ಡಬ್ಬೀನೇ ಇರಲಿ. ಈ ಸಲಕ್ಕೆ.”

‘ಈ ಸಲಕ್ಕೆ’ ಎಂಬ ಮಾತನ್ನು ದಾವಣಗೆರೆಯಲ್ಲೂ ತುಮಕೂರಿನಲ್ಲೂ ಆ ಹುಡುಗಿಗೆ ಹೇಳಿಯೇ ಇರುತ್ತಾರೆ. ಶ್ರೀಕಂಠಯ್ಯನವರು ಮುಖ ಸಣ್ಣದು ಮಾಡಿಕೊಂಡು ನೆಲ ನೋಡುತ್ತಾ ನಿಂತರು.

ನೆಲದ ಮೇಲೆ ರಂಗೋಲಿ ಇತ್ತು. ಸಂಕ್ರಾಂತಿ ಹತ್ತಿರವಾದ್ದರಿಂದ ಬೆಳಿಗ್ಗೆ ಹೆಣ್ಣುಮಕ್ಕಳು ಹೆಡ್ ಮಾಸ್ಟರ ಬಾಗಿಲಿಗೆ ಬಿಟ್ಟದ್ದು. ರುದ್ರಪ್ಪನವರು ದಿನವಿಡೀ ಅದನ್ನು ದಾಟಲು ಹೋಗಿ ತುಳಿದು, ಅವರ ಒಂದು ಬೂಟು ನೀಲಿ, ಇನ್ನೊಂದು ಗುಲಾಬಿಯಾಗಿತ್ತು. ಶ್ರೀಕಂಠಯ್ಯನವರ ತುಟಿ ಅಲ್ಲಾಡುತ್ತಿತ್ತು. ಬೆರಳು ಅಲ್ಲಾಡುತ್ತಿತ್ತು. ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, “ಮೇಡಂ, ಇದನ್ನ ಹೇಗೆ ಹಾಕ್ತಾರೆ?” ಎಂದು ಕೇಳಿದರು.

“ಹನ್ನೊಂದರಿಂದ ಆರು, ಸಂದು ಚುಕ್ಕಿ ಸಾರ್. ನಡುವೆ ಒಂದು ಸಾಲು ಹನ್ನೊಂದು. ಅದರ ಮೇಲೂ ಕೆಳಗೂ ಹತ್ತು ಹತ್ತು, ಎರಡು ಚುಕ್ಕಿ ನಡುವಿನ ಸಂದಿಯಲ್ಲಿ ಒಂದೊಂದು. ಆಮೇಲೆ ಒಂಬತ್ತು, ಎಂಟು, ಏಳು. ಎರಡು ಕಡೆಯೂ ಆರಕ್ಕೆ ನಿಲ್ಲಿಸೋದು. ನಮ್ಮನೆ ಬಾಗಿಲಿಗೂ ಇದನ್ನೇ ಹಾಕ್ತೀನಿ.”

“ಒಟ್ಟು ಚುಕ್ಕಿ ಎಷ್ಟು?”

“ಅದನ್ನ ಯಾರು ಎಣಿಸ್ತಾರೆ?”

“ಎಣಿಸಿ.”

ಆರು, ಏಳು, ಎಂಟು, ಒಂಬತ್ತು, ಹತ್ತು ಕೂಡಿದರೆ ನಲವತ್ತು. ಮೇಲೆ ನಲವತ್ತು, ಕೆಳಗೆ ನಲವತ್ತು. ನಡುವೆ ಹನ್ನೊಂದು. ನಾನು ನಿಧಾನವಾಗಿ ಕುಕ್ಕರುಗಾಲಿನಲ್ಲಿ ಕುಳಿತೆ. ಬಸವನಗುಡಿಯಿಂದ ಬನಶಂಕರಿಯವರೆಗೆ ಮನೆ ಮನೆಯ ಬಾಗಿಲಲ್ಲಿ ತೊಂಬತ್ತೊಂದು ಮಕ್ಕಳು ಬೆಳಗಾಗುತ್ತಲೇ ಸಾಲಾಗಿ ನಿಲ್ಲುತ್ತಿದ್ದರು. ಅವರನ್ನು ನಿಲ್ಲಿಸಿ, ಮೇಲೆ ಬಣ್ಣ ತುಂಬಿ, ಕೈ ತೊಳೆದುಕೊಂಡು ನಾನು ಶಾಲೆಗೆ ಹೊರಡುತ್ತಿದ್ದೆ.

“ಅಗಲ ಹನ್ನೊಂದು ಸಾರ್,” ಎಂದೆ. “ಜಾಗಕ್ಕೆ ಹಿಡಿಯತ್ತೆ. ಸಂದಿಯಲ್ಲಿ ನಿಲ್ಲೋದ್ರಿಂದ ಯಾರ ತಲೆಯೂ ಯಾರಿಗೂ ಅಡ್ಡ ಬರಲ್ಲ. ಕುಳ್ಳಗಿರೋ ಮಕ್ಕಳ ಮುಖಾನೂ ವೇದಿಕೆಗೆ ಕಾಣತ್ತೆ.”

ರುದ್ರಪ್ಪನವರು ತಮ್ಮ ಬೂಟುಗಳನ್ನು ನೋಡಿದರು, ರಂಗೋಲಿಯನ್ನು ನೋಡಿದರು. “ಆರು ಮೂಲೆ ಇದೆ,” ಎಂದರು. ಮೂಲೆ ಇದ್ದರೆ ಅವರಿಗೆ ನೆಮ್ಮದಿ. “ಮಾಡಿ.”

ಸುಣ್ಣದ ಪುಡಿ ಹಿಡಿದು ಮೈದಾನಕ್ಕೆ ಇಳಿದೆವು. ಹಿಂದೆಲ್ಲ ಹೀಗೆ ಗುರುತು ಹಾಕಲು ನಾನು ಗಂಟು ಬಿಗಿದ ಹಗ್ಗ ಎಳೆದು ಅಳೆಯುತ್ತಿದ್ದೆ. ಆ ದಿನ ಹಗ್ಗ ಬೇಕಾಗಲಿಲ್ಲ. ಹೆಣ್ಣುಮಕ್ಕಳನ್ನು ಕರೆದು, “ಹನ್ನೊಂದರಿಂದ ಆರು, ಸಂದು ಚುಕ್ಕಿ, ಚುಕ್ಕಿಗೂ ಚುಕ್ಕಿಗೂ ಎರಡು ಹೆಜ್ಜೆ” ಎಂದೆ. ಕ್ಷಣದಲ್ಲಿ ಮೈದಾನವೇ ಬಾಗಿಲಾಯಿತು. ಗಂಡುಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಶ್ರೀಕಂಠಯ್ಯನವರು ಪಂಚೆಯ ಅಂಚಿಗೆಲ್ಲ ಸುಣ್ಣ ಮಾಡಿಕೊಂಡು ಓಡಾಡುತ್ತಾ, “ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು, ಹದಿನೆಂಟು, ಇಪ್ಪತ್ನಾಲ್ಕು, ಮೂವತ್ತು! ಉಂಗುರ ಉಂಗುರವಾಗಿ ತಿರುಗಿಸಬಹುದು ಮೇಡಂ!” ಎಂದು ಕೂಗುತ್ತಿದ್ದರು. ಮಧ್ಯಾಹ್ನ ಒಂಟಿ ಪ್ರಾಣಿ ಎಂದವರು ಇವರೇ.

ನಡುವಿನ ಚುಕ್ಕಿಗೆ ಯಾರು? ಸುತ್ತಲಿನವರು ಉಂಗುರವಾಗಿ ತಿರುಗುವಾಗ ನಡುವೆ ನಿಂತವರು ಮಾತ್ರ ತಿರಂಗ ಹಿಡಿದು ನಿಂತಲ್ಲೇ ನಿಲ್ಲಬೇಕು. ಯಾರೂ ಹೇಳದೆಯೇ ಲಿಖಿತಾ ಅಲ್ಲಿಗೆ ಹೋಗಿ ಜಡೆ ಸರಿಮಾಡಿಕೊಳ್ಳುತ್ತಿದ್ದಳು. ನನ್ನ ಆಸೆ ಬೇರೆಯೇ ಇತ್ತು. ಬೆಳಿಗ್ಗೆ ಡಬ್ಬಿ ಕೊಟ್ಟ ಕೈಯಿಂದ ಈಗ ಬಾವುಟ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ ಎಂದುಕೊಂಡೆ.

“ಮಹಾದೇವಿ, ನಡುವೆ ನೀನು ಬಾ.”

ಅವಳು ಅಲ್ಲಾಡಲಿಲ್ಲ. “ಬ್ಯಾಡ್ರಿ ಮಿಸ್.”

“ಯಾಕೆ? ಎಲ್ಲರೂ ನಿನ್ನೇ ನೋಡ್ತಾರೆ ಕಣೆ.”

“ಅದಕ್ಕ ಬ್ಯಾಡ್ರಿ. ಎಲ್ಲಾ ಸಾಲ್ಯಾಗೂ ನನ್ನ ನೋಡೇ ನೋಡ್ತಾರ್ರಿ. ನಡುವ ನಿಂತ್ರ ಮತ್ತ ಒಬ್ಬಾಕೀನ ಆಗ್ತೀನಿ. ಡಬ್ಬಿ ಇರೂದಿಲ್ಲ, ಅಷ್ಟ ಫರಕು.”

“ಮತ್ತೆ ಎಲ್ಲಿ ನಿಲ್ತೀಯ?”

“ಎಲ್ಲ್ಯಾರ ಹಾಕ್ರಿ. ಆ ಕಡೀಗೊಬ್ರು, ಈ ಕಡೀಗೊಬ್ರು ಇದ್ರ ಸಾಕು.”

ಶ್ರೀಕಂಠಯ್ಯನವರು ಬಾಯಿ ತೆರೆದರು. ಕೇಂದ್ರದ ಮಹತ್ವ ಹೇಳಲು ಹೊರಟಿದ್ದರು ಎಂದು ಕಾಣುತ್ತದೆ. ನನ್ನ ಮುಖ ನೋಡಿ ಮುಚ್ಚಿಕೊಂಡರು.

ಲಿಖಿತಾಳಿಗೆ ಬಾವುಟ ಕೊಟ್ಟೆ. ಅಕ್ಕಪಕ್ಕದವರ ಜೊತೆ ಹರಟುವ ಹಾಗಿಲ್ಲ ಎಂದು ಅವಳಿಗೆ ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ಮಹಾದೇವಿಯನ್ನು ಹಿಂದಿನ ಅರ್ಧದಲ್ಲಿ, ಎಂಟು ಜನರ ಸಾಲಿಗೆ ಹಾಕಿದೆ. ಎಡಕ್ಕೆ ಒಬ್ಬ ಹುಡುಗಿ, ಬಲಕ್ಕೆ ಒಬ್ಬ ಹುಡುಗ. ಆ ಹುಡುಗ ಬೆಳಿಗ್ಗೆ ಅತಿ ಜೋರಾಗಿ ನಕ್ಕವನು. “ರೊಟ್ಟಿ ತರ್ತೀಯಾ?” ಎಂದು ಪಿಸುಗುಟ್ಟಿದ. “ಸಾಲು ನೆಟ್ಟಗ ನಿಲ್ಲು ಮೊದ್ಲ,” ಎಂದಳು.

ಸಂಜೆಯ ಕೊನೆಯ ಕೆಲಸ ಸಾಲುಗಳ ತಪಾಸಣೆ. “ಸಾವಧಾನ್! ಮುಂದಿನಿಂದ ಒಂದೊಂದೇ ಸಾಲು, ಸಂಖ್ಯೆ ಹೇಳಿ!” ಎಂದೆ. ಆರರ ಸಾಲು ಹೇಳಿತು, ಏಳರದು ಹೇಳಿತು, ಹನ್ನೊಂದರವರೆಗೆ ಏರಿ ಮತ್ತೆ ಇಳಿಯುತ್ತಾ ಎಂಟರ ಸಾಲಿಗೆ ಬಂತು. ಒಂದು, ಎರಡು, ಮೂರು. “ನಾಲ್ಕು!” ಎಂದಳು ಮಹಾದೇವಿ. “ಐದು!” ಎಂದ ಪಕ್ಕದ ಹುಡುಗ. ಅವಳ ಕಡೆ ಅವನು ತಿರುಗಿಯೂ ನೋಡಲಿಲ್ಲ. ತನ್ನ ಸರದಿ ತಪ್ಪಿಹೋಗಬಾರದೆಂಬ ಗಾಬರಿ ಅವನಿಗೆ. ಆರು, ಏಳು, ಎಂಟು. ಹಿಂದಿನ ಏಳು, ಅದರ ಹಿಂದಿನ ಆರು. ಯಾರೂ ಉಳಿಯಲಿಲ್ಲ.

“ವಿಸರ್ಜನ್,” ಎಂದೆ.